ಮೊರದಲ್ಲಿ ಉಳಿದ ತೌಡು

ರಂಗಂಪೇಟೆ, ೧೧ ಅಕ್ಟೋಬರ್ ೧೯೪೬, ಶುಕ್ರವಾರ

ತೌಡು ಇನ್ನೂ ಮೊರದಲ್ಲೇ ಇದೆ. ಎಮ್ಮೆಗೆ ಹಾಕಬೇಕಿತ್ತು, ಮನಸ್ಸಾಗಲಿಲ್ಲ.

ಇಲ್ಲಿನ ಬಡಮಕ್ಕಳಿಗೆ ಗಂಜಿ ಕಾಯಿಸಿ ಹಾಕಲು, ಅವರ ಹುಣ್ಣು ತೊಳೆಯಲು ಧಾರವಾಡ ಬಿಟ್ಟು ನಿಜಾಮರ ರಾಜ್ಯಕ್ಕೆ ಬಂದವಳು ನಾನು. ಬೆಳಿಗ್ಗೆ ಕೂಲಿಯ ಮರಿಲಿಂಗಮ್ಮ ತನ್ನ ಹಸುಗೂಸನ್ನು ತಂದು ನನ್ನ ಮಡಿಲಿಗಿಟ್ಟಳು. ಅವಳ ಹಿಂದಿನ ಕೂಸುಗಳಲ್ಲಿ ಒಂದೂ ಉಳಿದಿಲ್ಲ.

“ತೌಡಿಗೆ ಇದನ್ನ ಕೊಂಡ್ಕೋರಿ ಅಕ್ಕೋರ. ಸಂಜಿಗೆ ಅದೇ ತೌಡು ಕೊಟ್ಟು ತಿರುಗಿ ಒಯ್ತೀನಿ. ಬ್ಯಾರೆ ರಾಜ್ಯದಾಕಿ ಕೂಸಂದ್ರ ಸಾವಿಗೆ ಗುರ್ತ ಹತ್ತಂಗಿಲ್ಲ.”

ಇಂಥದ್ದಕ್ಕೆಲ್ಲ ದಿನಾ ಬೈಯುವವಳು ನಾನು. ಇವತ್ತು ಸುಮ್ಮನೆ ಒಂದು ಮೊರ ತೌಡು ಕೊಟ್ಟೆ.

ಕೂಸು ಹಸಿದಾಗಲೆಲ್ಲ ಮರಿಲಿಂಗಮ್ಮ ಬಂದು ಹಾಲೂಡಿಸಿ, ದಾದಿಯ ಹಾಗೆ ಎದ್ದು ಹೋದಳು. ಗಂಜಿಗೆ ಬಂದವರು “ಯಾರ ಕೂಸ್ರೀ?” ಎಂದರೆ “ನಂದು” ಎನ್ನಬೇಕು, ಅದು ಪದ್ಧತಿ. ಮೊದಲ ಸಲ ನಾಚಿಕೆಯಾಯಿತು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದೆ.

ಧಾರವಾಡದ ಮನೆಯಲ್ಲಿ, ನನ್ನ ಮದುವೆಯಾದ ವರ್ಷ ಅತ್ತೆ ಮಾಡಿಸಿದ ತೊಟ್ಟಿಲಲ್ಲಿ ಈಗ ಹುಣಸೆಹಣ್ಣು ತುಂಬಿದ್ದಾರೆ.

ಸಂಜೆ ಮರಿಲಿಂಗಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತಳು. “ಕೊಡ್ರಿ ಅಕ್ಕೋರ.” ಕೊಡುತ್ತೇನೆ ಅಂದೆ. ಕೈ ಸಡಿಲವಾಗಲಿಲ್ಲ. ಅವಳು ಗಾಬರಿಯಾದಾಳು ಅಂದುಕೊಂಡರೆ ನಕ್ಕುಬಿಟ್ಟಳು.

“ಹಿಂಗ ಗಟ್ಟಿ ಹಿಡದ್ರನ ಸಾವು ನಂಬ್ತದ್ರಿ.”

ಮೊರ ಇಟ್ಟು ಕೂಸನ್ನು ಒಯ್ದಳು. ಸೆರಗಿಗೆ ಇನ್ನೂ ಹಾಲಿನ ವಾಸನೆ ಇದೆ. ಸಾವು ನಂಬಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ನಂಬಿಬಿಟ್ಟಿದ್ದೆ.