ಎರಡು ಅರ್ಜಿ, ಒಬ್ಬ ಸಾಹೇಬ

೧೧ ಜನವರಿ ೧೯೫೪, ಸೋಮವಾರ. ಶಿರಂಗಾಲ

ಇವತ್ತೂ ಆರೇ ಮಗ್ಗದ ಸದ್ದು. ನೇಕಾರರ ಸೊಸೈಟಿಯ ಬೀಗ ತೆಗೆದೆ, ಹಾಜರಿ ಬರೆದೆ, ಪುಸ್ತಕ ಮುಚ್ಚಿದೆ. ಹನ್ನೆರಡು ಮಗ್ಗ, ಆರು ಜನ.

ಶಿರಂಗಾಲದ ಟವೆಲ್ಲು ಹತ್ತು ವರ್ಷ ಬಾಳುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಿ, ಕುಶಾಲನಗರದ ಸಂತೆಗೆ ಹೋಗಿ ಮಿಲ್ಲಿನದು ತರುತ್ತಾರೆ. ಹತ್ತು ವರ್ಷ ಬಾಳುವುದನ್ನು ನೇಯ್ದದ್ದು ನಮ್ಮದೇ ತಪ್ಪೋ ಏನೋ.

ಮಧ್ಯಾಹ್ನ ಕೆಂಚಿ ಹೊರಟಳು. ಸುಂಟಿಕೊಪ್ಪದ ಕಡೆ ಎಸ್ಟೇಟಿಗೆ, ಕಾಫಿ ಪಿಕಿಂಗಿಗೆ. ನಮ್ಮಲ್ಲಿ ಅವಳಷ್ಟು ನಯವಾಗಿ ನೇಯುವವರು ಇನ್ನೊಬ್ಬರಿಲ್ಲ. "ನನ್ ಮಗ್ಗ ಮಾತ್ರ ಮಾರ್ಬ್ಯಾಡಿ ಅಕ್ಕಾ" ಎಂದಳು. ಅಧ್ಯಕ್ಷರು ಬೊಳ್ಳಪ್ಪಣ್ಣ. ಮೊದಲೇ ಒರೆಸಿದ್ದ ಲಾಳಿಯನ್ನು ಮತ್ತೆ ಒರೆಸುತ್ತ ಕೂತರು. ಮಾರ್ಚಿನೊಳಗೆ ದಾರಿ ಕಾಣದಿದ್ದರೆ ಸೊಸೈಟಿ ಮುಚ್ಚುವುದೆಂದು ಸಭೆ ತೀರ್ಮಾನಿಸಿದೆ. ತೀರ್ಮಾನ ಬರೆದವಳು ನಾನೇ. ಇಂಗ್ಲಿಷು ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ಕಾರ್ಯದರ್ಶಿ.

೧೯ ಜನವರಿ, ಮಂಗಳವಾರ

ಮಡಿಕೇರಿಯಿಂದ ಒಂದೇ ಟಪಾಲಿನಲ್ಲಿ ಎರಡು ಸುತ್ತೋಲೆ. ಒಂದು — ಪರದೇಶಕ್ಕೆ ಬಟ್ಟೆ ಕಳಿಸಬಲ್ಲ ಸೊಸೈಟಿಗೆ ಸರಕಾರವೇ ಗಿರಾಕಿ ಹುಡುಕಿಕೊಡುತ್ತದೆ. ಸೊಸೈಟಿ ಚೆನ್ನಾಗಿ ನಡೆಯುತ್ತಿರಬೇಕು. ಇನ್ನೊಂದು — ಮುಚ್ಚುವ ಸ್ಥಿತಿಯ ಸೊಸೈಟಿಗೆ ಅರ್ಧ ದರಕ್ಕೆ ನೂಲು. ಸೊಸೈಟಿ ನಡೆಯಲಾಗದೆ ಇರಬೇಕು.

ಯಾವುದಕ್ಕೆ ಹಾಕಲಿ ಎಂದು ಕೇಳಿದೆ.

"ಎಲ್ಡಕ್ಕೂ ಹಾಕವ್ವ. ಕೊಡೋರು ಬೇರೆ ಬೇರೆ ಸಾಹೇಬ್ರು. ಅವ್ರೇನು ಕೂತು ನಮ್ ವಿಚಾರ ಮಾತಾಡ್ಕೊತಾರಾ?" ಎಂದರು ಬೊಳ್ಳಪ್ಪಣ್ಣ.

ಹಾಕಿದೆ. ಮೊದಲನೆಯದರಲ್ಲಿ ನಾವು ದಿನೇ ದಿನೇ ಏಳಿಗೆ ಹೊಂದುತ್ತಿದ್ದೇವೆ. ಎರಡನೆಯದರಲ್ಲಿ ಇಂದೋ ನಾಳೆಯೋ. ಎರಡನೆಯದನ್ನು ಬರೆಯುವಾಗ ಒಂದೇ ಒಂದು ಮಾತಿಗೂ ತಡವರಿಸಲಿಲ್ಲ...

೯ ಫೆಬ್ರವರಿ, ಮಂಗಳವಾರ

ಎರಡಕ್ಕೂ ಉತ್ತರ! ಎರಡಕ್ಕೂ ತಪಾಸಣೆ! ಎರಡೂ ಹದಿನೇಳಕ್ಕೆ! ಎಕ್ಸ್‌ಪೋರ್ಟಿನವರು ಬೆಳಿಗ್ಗೆ ಹತ್ತಕ್ಕೆ, ಸಂಕಷ್ಟದವರು ಮಧ್ಯಾಹ್ನ ಎರಡಕ್ಕೆ.

ನಾನು ತಾರೀಖನ್ನು ಮತ್ತೆ ಮತ್ತೆ ಓದಿದೆ. ಬೊಳ್ಳಪ್ಪಣ್ಣನಿಗೆ ಹುರುಪು ಬಂತು. ಷೆಡ್ಡಿಗೆ ಅಡ್ಡಲಾಗಿ ಚಾಪೆ ಕಟ್ಟುವುದಂತೆ. ಮುಂದಿನ ಆರು ಮಗ್ಗ ಏಳಿಗೆ, ಹಿಂದಿನ ಆರು ಸಂಕಷ್ಟ. ಹಿಂದೆ ಯಾರೂ ಕಸ ಗುಡಿಸಕೂಡದೆಂದು ಅಪ್ಪಣೆ.

೧೬ ಫೆಬ್ರವರಿ, ಮಂಗಳವಾರ, ಸಂಜೆ

ಮುಂದಿನ ಆರನೇ ಮಗ್ಗಕ್ಕೆ ಜನ ಇರಲಿಲ್ಲ. ಹೇಳಿಕಳಿಸಿದ್ದಕ್ಕೆ ಕೆಂಚಿ ಬಂದಿದ್ದಾಳೆ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು ಒಂದೇ ದಿನ ರಜೆ ಕೊಟ್ಟಿದ್ದಾರೆ.

ಊಟದ ವ್ಯವಸ್ಥೆ ನನ್ನದು. ಎಕ್ಸ್‌ಪೋರ್ಟ್ ಸಾಹೇಬರಿಗೆ ಹೋಳಿಗೆ, ತುಪ್ಪ. ಸಂಕಷ್ಟದ ಸಾಹೇಬರಿಗೆ ಗಂಜಿ, ಉಪ್ಪಿನಕಾಯಿ. ಹೋಳಿಗೆಯ ಘಮ ಎರಡು ಗಂಟೆಯೊಳಗೆ ಹೋಗಬೇಕಲ್ಲ, ಅದೇ ಚಿಂತೆ.

೧೭ ಫೆಬ್ರವರಿ, ಬುಧವಾರ

ಏನಾಯಿತೆಂದು ಸಾವಧಾನವಾಗಿ ಬರೆಯಬೇಕು.

ಹತ್ತಕ್ಕೆ ಜೀಪು ಬಂತು. ಪುಟ್ಟರಾಜು ಎಂಬ ಸಾಹೇಬರು. ತೆಳ್ಳಗೆ, ಬಿಸಿಲಿಗೆ ಬಸವಳಿದ ಮುಖ. ಆರೂ ಮಗ್ಗ ಒಟ್ಟಿಗೆ ಸದ್ದು ಮಾಡಿದವು. ಟವೆಲ್ಲು ಎಳೆದು ನೋಡಿದರು, ಮೂಸಿ ನೋಡಿದರು, ಅಂಚಿನ ಎಳೆ ಎಣಿಸಿದರು. "ಬಹಳ ಚೆನ್ನಾಗಿದೆ" ಎಂದರು. ಹೋಳಿಗೆ ನಾಲ್ಕು ತಿಂದರು. ಬೊಳ್ಳಪ್ಪಣ್ಣ ನನ್ನತ್ತ ಕಣ್ಣು ಹೊಡೆದರು — ಅರವತ್ತು ದಾಟಿದ ಮನುಷ್ಯ!

ಸಾಹೇಬರು ಕೈ ತೊಳೆದು ಬಂದರು. ಜೀಪು ಹತ್ತಲಿಲ್ಲ. ಜಗಲಿಯ ಮೇಲೆ ಟವೆಲ್ಲು ಮಡಚಿ ತಲೆಗಿಟ್ಟು ಮಲಗಿದರು. ಒಂದೂವರೆ ಆಯಿತು. ಒಳಗೆ ಗಂಜಿ ಬೇಯುತ್ತಿದೆ. ಕೊನೆಗೆ ನಾನೇ ಹೋಗಿ, "ಸ್ವಾಮಿ, ಹೊತ್ತಾಯಿತಲ್ಲ, ಹೊರಡುವುದಿಲ್ಲವೇ?" ಎಂದೆ.

"ಎರಡಕ್ಕೆ ಇನ್ನೊಂದು ತಪಾಸಣೆ ಇದೆಯಲ್ಲಮ್ಮ."

"ಅದಕ್ಕೆ ಬೇರೆ ಸಾಹೇಬರು..."

"ಇಡೀ ಕೊಡಗು ರಾಜ್ಯಕ್ಕೆ ನಾನೊಬ್ಬನೇ. ಎರಡೂ ಕುರ್ಚಿ ನನ್ನದೇ" ಎನ್ನುತ್ತ ಎದ್ದು ಕೂತರು. ಚೀಲದಿಂದ ಎರಡನೇ ಫೈಲು ತೆಗೆದರು.

ಬೊಳ್ಳಪ್ಪಣ್ಣ ಚಾಪೆಗೆ ಬೆನ್ನು ಕೊಟ್ಟು ನಿಂತರು. ಸಾಹೇಬರು ಅವರನ್ನು ಮೆಲ್ಲಗೆ ಸರಿಸಿ ಹಿಂದೆ ಹೋದರು. ಜೇಡರ ಬಲೆ ನೋಡಿದರು. ಹೊರಗೆ ಬಂದಾಗ ಹೆಗಲ ಮೇಲೂ ಒಂದಿಷ್ಟು ಇತ್ತು. ಒಲೆಯ ಕಡೆ ನೋಡಿ ಕೇಳಿದರು: "ಇದು ಯಾರಿಗೆ?"

"ನಿಮಗೇ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟರು. "ಎರಡೂ ನಿಮ್ಮ ಕೈಬರಹ. ಯಾವುದು ನಿಜ ವನಜಮ್ಮನವರೇ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ಕೆಂಚಿ ಮಗ್ಗದ ಗುಂಡಿಯಿಂದ ಮೇಲೆ ಬಂದಳು. ಅವಳ ಬೆರಳೆಲ್ಲ ಕಾಫಿ ಹಣ್ಣಿನ ಕಪ್ಪು ಕಲೆ. ಸಾಹೇಬರು ನೋಡಿದರು.

"ಏನಮ್ಮ ಇದು? ನೇಯುವ ಕೈಯಾ?"

"ಹಣ್ಣು ಕೀಳೋ ಕೈ ಸ್ವಾಮಿ. ನೇಯೋ ಕೈನೂ ಇದೇಯ. ಇಲ್ಲಿ ನೂಲಿಲ್ಲ, ಅಲ್ಲಿ ಹಣ್ಣದೆ, ಹೋದೆ. ಬೆಳಿಗ್ಗೆ ನೀವು ಚೆಂದಾಗದೆ ಅಂದ್ರಲ್ಲ ಬಟ್ಟೆ, ಅದು ನಂದೇ. ಅಕ್ಕ ಬರ್ದಿರೋದು ಎಲ್ಡೂ ದಿಟ. ಬಟ್ಟೆ ಚೆಂದಾಗದೆ. ನಾವು ಚೆಂದಾಗಿಲ್ಲ."

ಸಾಹೇಬರು ಕೂತರು. ಗಂಜಿ ಬಡಿಸಿ ಎಂದರು. ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡರು. ಹೊರಡುವಾಗ ಇಷ್ಟೇ ಹೇಳಿದ್ದು: "ಮೊದಲು ಸಂಕಷ್ಟದ ಫೈಲು ತೆಗೆದಿದ್ದರೆ ಹೋಳಿಗೆ ತಪ್ಪುತ್ತಿತ್ತು."

ಬೊಳ್ಳಪ್ಪಣ್ಣ ಚಾಪೆ ಬಿಚ್ಚಿ ಸುತ್ತಿಟ್ಟರು. ನನ್ನ ಮುಖ ನೋಡಲಿಲ್ಲ.

೧೫ ಮಾರ್ಚ್, ಸೋಮವಾರ

ಬರೆಯದೆ ಎಷ್ಟು ದಿನ. ಬರೆಯುವಂಥದ್ದೂ ಇರಲಿಲ್ಲ. ಟಪಾಲಿನವನು ಬರುವ ಹೊತ್ತಿಗೆ ಎಲ್ಲರೂ ಏನೋ ಕೆಲಸವಿರುವವರಂತೆ ಬಾಗಿಲಲ್ಲಿ. ಸೊಸೈಟಿ ಮುಚ್ಚುವ ಸಭೆ ಮೂವತ್ತೊಂದಕ್ಕೆ.

೨೬ ಮಾರ್ಚ್, ಶುಕ್ರವಾರ

ಕಾಗದ ಬಂತು. ಒಂದೇ ಕಾಗದ. ಎರಡು ಫೈಲಿಗೂ ಸೇರಿಸಿ ಬರೆದಿದ್ದಾರೆ ಪುಟ್ಟರಾಜು ಸಾಹೇಬರು. ಅರ್ಧ ದರದ ನೂಲು ಮಂಜೂರು. ಆ ನೂಲಿನಲ್ಲಿ ನೇಯ್ದ ಮುನ್ನೂರು ಟವೆಲ್ಲು, ಜೂನ್ ಕೊನೆಯೊಳಗೆ, ಪರದೇಶದ ಗಿರಾಕಿಗೆ. ಮಾದರಿ ಎಂದು ಅವರು ಒಯ್ದು ಕಳಿಸಿದ್ದು ಕೆಂಚಿಯ ಟವೆಲ್ಲು.

ಓದಿ ಹೇಳಿದೆ. ಬೊಳ್ಳಪ್ಪಣ್ಣ ಇನ್ನೊಮ್ಮೆ ಓದಿಸಿದರು. ಆಮೇಲೆ ಪೊರಕೆ ತೆಗೆದುಕೊಂಡು ಹಿಂದಿನ ಆರು ಮಗ್ಗಗಳ ಕಡೆ ತಾವೇ ಹೋದರು.

೯ ಏಪ್ರಿಲ್, ಶುಕ್ರವಾರ, ಬೆಳಿಗ್ಗೆ ಏಳು

ನಿನ್ನೆ ನೂಲಿನ ಲಾರಿ. ಅದೇ ಲಾರಿಯಲ್ಲಿ ಟ್ರಂಕಿನ ಮೇಲೆ ಕೂತು ಕೆಂಚಿ. ಹೋದವರೆಲ್ಲ ಒಬ್ಬೊಬ್ಬರೇ ಬರುತ್ತಿದ್ದಾರೆ. ಹನ್ನೊಂದು ಮಗ್ಗಕ್ಕೆ ಜನ ಆಯಿತು. ಹನ್ನೆರಡನೆಯದು ಖಾಲಿ ಬಿಡಬಾರದು, ಜೂನು ದೂರವಿಲ್ಲ ಎನ್ನುತ್ತಾರೆ ಬೊಳ್ಳಪ್ಪಣ್ಣ. ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. "ಬರ್ದಿದ್ದು ಸಾಕು, ಬಂದು ಗುಂಡಿಗೆ ಇಳೀರಿ ಕಾರ್ಯದರ್ಶಮ್ಮಾ" ಅಂತೆ! ನನಗೆ ಸೂಜಿಗೆ ದಾರ ಪೋಣಿಸಲೂ ಸರಿಯಾಗಿ ಬರುವುದಿಲ್ಲ ಎಂದರೂ ಕೇಳದೆ ಪೆನ್ನಿಗೇ ಕೈ ಹಾ