ಜೂನ್ ಐದು ಯಾಕೆ

ಏಪ್ರಿಲ್ 27, ಸೋಮವಾರ

ಬೆಳಗ್ಗೆಯಿಂದ ಒಂಬತ್ತು ಪಂಕ್ಚರ್. ಬಂಕಾಪುರದ ಹೈವೇಗೆ ಮೊಳೆಯ ಬರ ಇಲ್ಲ. ಮಾಲೀಕ ಶೇಖಸಾಬ ಊಟಕ್ಕೆ ಹೋದಾಗ ಸವಣೂರಿನ ಪದ್ಮಜಾ ವಕೀಲರಿಗೆ ಫೋನ್ ಮಾಡಿದೆ. ಅವರು ಹೇಳಿದ್ದಿಷ್ಟು. ನಾನು ಒಂಬತ್ತು ವರ್ಷದವನಿದ್ದಾಗ ಅವ್ವ ನನ್ನ ಪರವಾಗಿ ಹೆಬ್ಬೆಟ್ಟು ಒತ್ತಿ, ಸತ್ತ ಅಪ್ಪನ ಎರಡು ಎಕರೆಯನ್ನು ಶಂಭುಲಿಂಗ ಕಾಕಾನಿಗೆ ಬರೆದುಕೊಟ್ಟಳು. ಕೋರ್ಟಿನ ಪರವಾನಗಿ ಇಲ್ಲದೆ. ಹಾಗಾಗಿ ರದ್ದು ಮಾಡಿಸಬಹುದು. ಆದರೆ ಹದಿನೆಂಟು ತುಂಬಿದ ಮೇಲೆ ಮೂರೇ ವರ್ಷ. ಇಪ್ಪತ್ತೊಂದು ತುಂಬಿತೋ, ಬಾಗಿಲು ಬಂದ್.

ಹುಟ್ಟಿದ್ದು ಶ್ರಾವಣದಲ್ಲಿ. ಆಗಸ್ಟ್‌ವರೆಗೆ ಟೈಮ್ ಇದೆ. ಆದರೆ ಅವ್ವ ಇನ್ನೂ ಯಲವಿಗಿಯಲ್ಲಿ, ಆ ಕಾಕಾನ ಮನೆಯಲ್ಲೇ ಇದ್ದಾಳೆ. ಅವನ ರೊಟ್ಟಿ ಬಡಿದುಕೊಂಡು. ಕೇಸ್ ಹಾಕಿದ ದಿನ ಅವಳ ಗತಿ?

ಮೇ 10, ರವಿವಾರ

ಯಲವಿಗಿಗೆ ಹೋಗಿ, ಕೇಸ್ ಹಾಕುತ್ತೇನೆ ಅಂತ ಹೇಳಿದೆ. ಕಾಕಾ ಬಯ್ಯುತ್ತಾನೆ ಅಂದುಕೊಂಡಿದ್ದೆ. ಮಾವಿನಹಣ್ಣು ಕೊಟ್ಟ. ಅದೇ ಹೆದರಿಕೆ ಹುಟ್ಟಿಸಿತು.

"ಕೋರ್ಟು ಯಾಕ್ ಬೇಕಪಾ ಮೃತ್ಯುಂಜಯ? ಜೂನ್ ಐದಕ್ಕ ಹಿರೇರ್ನ ನ್ಯಾಯಕ್ಕ ಕುಂದರಸ್ತೇನಿ. ಅವ್ರು ಒಂದ್ ಎಕರೆ ಬಿಟ್ಟಕೊಡು ಅಂದ್ರ ಕೊಡ್ತೇನಿ."

ಅವನ ಮಗ ಲೋಹಿತ ಬಾಗಿಲಿಗೆ ಒರಗಿ ನಕ್ಕ. ಯಾಕೆ ನಕ್ಕ? ಮುಸುಡಿಗೆ ಗುದ್ದಬೇಕು ಅನಿಸಿತು. ಗುದ್ದಲಿಲ್ಲ. ಅವ್ವ ಅಲ್ಲೇ ಇದ್ದಳು. ಹಿರಿಯರು ಕೂರುವವರೆಗೆ ತಡೆ ಅಂದಳು. ಆಯಿತು ಅಂದೆ. ಆಗಸ್ಟ್ ದೂರ ಇದೆ.

ಮೇ 18

ವಯಸ್ಸಿನ ದಾಖಲೆ ಬೇಕಂತೆ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಅಷ್ಟೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಟಿಸಿ ಯಾವಾಗ ತಂದೆ? ಬೇಸಿಗೆ ರಜೆ, ಶಾಲೆಗೆ ಕೀಲಿ. 29ಕ್ಕೆ ತೆಗೆಯುತ್ತಾರಂತೆ.

ಮೇ 29, ಶುಕ್ರವಾರ

ಹೆಡ್‌ಮಾಸ್ತರು ರಿಜಿಸ್ಟರ್ ತೆಗೆದರು. ನನ್ನ ಹೆಸರಿನ ಮುಂದೆ 01-06-2005. ಇದು ನನ್ನದಲ್ಲ ಅಂದೆ.

"ಅರ್ಧ ಊರಿಗೆ ಇದ ತಾರೀಖು, ತಮ್ಮ. ಜೂನ್ ಒಂದಕ್ಕ ಆರು ತುಂಬಿರಬೇಕಿತ್ತು. ಮಧ್ಯಾಹ್ನದ ಊಟರ ಸಿಗತೈತಿ, ಈ ವರ್ಷನ ತಗೋರಿ ಅಂತ ನಿಮ್ಮವ್ವನ ಗಂಟುಬಿದ್ದಿದ್ಲು. ಬರಕೊಂಡ್ವಿ."

ಆಮೇಲೆ ಸಹಜವಾಗಿ ಅಂದರು — ಮಾರ್ಚ್‌ನಲ್ಲಿ ಕಾಕಾನೂ ಬಂದು ಈ ತಾರೀಖು ನೋಡಿಕೊಂಡು ಹೋಗಿದ್ದನಂತೆ.

ಈ ತಾರೀಖಿನ ಲೆಕ್ಕದಲ್ಲಿ ಸೋಮವಾರವೇ ನನಗೆ ಇಪ್ಪತ್ತೊಂದು. ಜೂನ್ ಐದು ಯಾಕೆ ಅಂತ ಈಗ ತಿಳಿಯಿತು. ಸೂಳೆಮಗ.

ಪದ್ಮಜಾ ಅವರಿಗೆ ಫೋನ್ ಮಾಡಿದೆ. ತಾರೀಖನ್ನು ಎರಡು ಸಲ ಹೇಳಿಸಿದರು. "ಶ್ರಾವಣಕ್ಕ ಕಾಗದ ಇಲ್ಲ, ಇದಕ್ಕ ಐತಿ. ಸೋಮವಾರ ಕಡೇ ದಿನ ಅಂತ ತಿಳ್ಕೊ. ನಾಳೆ ಬಂದು ಸಹಿ ಮಾಡು."

ಮೇ 30

ಸಹಿ ಮಾಡಲು ಹೋದೆ. ಒಂದನೇ ಪ್ರತಿವಾದಿ: ಹಾಲವ್ವ. ಅವ್ವ. ಕಾಕಾ ಎರಡನೆಯವನು. ವಕೀಲರ ಮೇಲೆ ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ಬರೆದುಕೊಟ್ಟವಳು ಅವಳೇ, ಅವಳನ್ನು ಬಿಟ್ಟರೆ ಕೇಸ್ ನಿಲ್ಲುವುದಿಲ್ಲ ಅಂದರು. ನೋಟೀಸ್ ಆ ಮನೆಗೇ ಹೋಗುತ್ತದೆ. ಅಷ್ಟರೊಳಗೆ ಅವಳನ್ನು ಹೊರಗೆ ತಾ ಅಂದರು.

ಸಹಿ ಮಾಡಿದೆ. ಪ್ರತಿ ಹಾಳೆಗೂ.

ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ತಾರೀಖಿನದೂ. ಇವತ್ತೇ ಬಾ ಅಂದೆ. ಅಳಲಿಲ್ಲ. "ನೀನ ಟೈರಿನ ನಡಕ ಮಲಗ್ತಿ. ನಾ ಎಲ್ಲಿ ಮಲಗ್ಲಿ?"

ಮೇ 31

ಕರೆತರಲು ಹೋಗಲಿಲ್ಲ. ಹೋದರೆ ಲೋಹಿತ ನಾಳೆ ಕೋರ್ಟಿಗೆ ಬಿಡುವುದಿಲ್ಲ. ಇದು ನೆಪವೋ ಏನೋ. ಹೆದರಿದೆ. ಅಷ್ಟೇ.

ಜೂನ್ 1, ಮಧ್ಯಾಹ್ನ 3.50

ಫೈಲ್ ಆಯಿತು. ಸೀಲ್ ಬಿತ್ತು. ಇವತ್ತಿನ ತಾರೀಖಿನ ಸೀಲ್. ಪದ್ಮಜಾ ಅವರು ಬೆನ್ನು ತಟ್ಟಿದರು. ಹೊರಗೆ ಬಂದರೆ ಲೋಹಿತನ ಬೈಕು ಗೇಟಿನಿಂದ ಹೊರಟುಹೋಗುತ್ತಿದೆ. ಎಷ್ಟು ಹೊತ್ತಿನಿಂದ ಇದ್ದ?

ಅವ್ವನಿಗೆ ಫೋನ್. ಎತ್ತಲಿಲ್ಲ. ಎತ್ತಲಿಲ್ಲ. ನಾಲ್ಕನೇ ಸಲ ಕಾಕಾ ಎತ್ತಿದ. ಅದೇ ಮೆತ್ತನೆಯ ದನಿ.

"ಆತಲ್ಲಪಾ, ಛಲೋ ಆತು. ಬಾ. ಬಂದು ನಿಮ್ಮವ್ವನ ಕರಕೊಂಡು ಹೋಗು."

ಅವಳಿಗೆ ಕೊಡು ಅಂದೆ. ಕಟ್ ಮಾಡಿದ.

5.10, ಬಸ್ಸಿನಲ್ಲಿ

ಯಲವಿಗಿಯ ರೈಲ್ವೆ ಗೇಟ್ ಹಾಕಿದ್ದಾರೆ. ಆಚೆಗೆ ಸ್ಟಾಪು. ಅಲ್ಲಿ ಲೋಹಿತ ನಿಂತಿದ್ದಾನೆ. ಕಾಲ ಬಳಿ ಅವ್ವನ ಟ್ರಂಕು. ಅವ್ವ ಕಾಣುತ್ತಿಲ್ಲ. ಇಳಿಯುತ್ತೇನೆ, ಬಾಗಿಲು ತೆಗೆ ಅಂದರೆ ಕಂಡಕ್ಟರ್ ಬಯ್ದ. ಗೂಡ್ಸ್ ರೈಲು ಬಂತು. ಅಡ್ಡ. ಏನೂ ಕಾಣುತ್ತಿಲ್ಲ. ಡಬ್ಬಿ ಮೇಲೆ ಡಬ್ಬಿ... ಮುಗಿಯುತ್ತಿಲ್ಲ... ಕೊನೆಯದು ಹೋಯಿತು. ಟ್ರಂಕು ಇದೆ. ಲೋಹಿತ ಇಲ್ಲ. ಅವ್ವನೂ ಇಲ್ಲ. ಗೇಟ್ ಎತ್ತು—