ಕಣ್ಣು ಮುಚ್ಚಿ ಕುಂತದ್ದು

ಅತ್ತಿಯವರ,

ರೊಟ್ಟಿ ಬುಟ್ಟ್ಯಾಗ ಅದಾವ, ಬದ್ನಿಕಾಯಿ ಪಲ್ಯಾ ಬಿಸಿ ಮಾಡ್ಕೊಂಡು ಉಣ್ರಿ. ಇವತ್ತು ನಳಾ ಬರ್ತೈತಿ. ಕೊಡಾ ಮಾತ್ರ ನೀವು ಎತ್ತಬ್ಯಾಡ್ರಿ, ಪೈಪ್ ಹಚ್ಚಿಟ್ಟೇನಿ.

ಸಂಜಿಗೆ ನನ್ನ ಪೂಜಿ ನೋಡಾಕ ಬರೂ ಅಕ್ಕನ ಬಳಗದ ಹೆಣ್ಮಕ್ಕಳಿಗೆ ಬರಬ್ಯಾಡ್ರಿ ಅಂತ, ಬಳಗದ ಹಿರೇರು ನೀಲಕ್ಕಗ ಫೋನ್ ಮಾಡಿ ಹೇಳ್ರಿ. ಅದನ್ನ ನೋಡಿ ಕಲಿಯೂದು ಏನೂ ಇಲ್ಲ. ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಆಗ್ಲಿಲ್ಲ, ಅದಕ್ಕ ಬರ್ಯಾಕತ್ತೇನಿ.

ದಿನಾ ಸಂಜಿಗೆ ಅಂಗೈಯಾಗ ಲಿಂಗಾ ಹಿಡಕೊಂಡು ತಾಸಗಟ್ಲೆ ಕಣ್ಣು ಮುಚ್ಚಿ ಕುಂದ್ರತೇನಲ್ಲ, ಅದು ಧ್ಯಾನ ಅಲ್ರಿ, ನಿದ್ದಿ. ವಿದ್ಯಾನಗರದ ಆಸ್ಪತ್ರಿ ಡ್ಯೂಟಿ ಮುಗಿಸಿ ಬಸ್ಸಿನ್ಯಾಗ ನಿಂತು ಬಂದ ಮ್ಯಾಲ ಮೈಯಾಗ ಕಸುವ ಇರೂದಿಲ್ಲ. ಪೂಜಿಗೆ ಕುಂತಾಗಷ್ಟ ಈ ಮನ್ಯಾಗ ನನ್ನ ಯಾರೂ ಕರಿಯೂದಿಲ್ಲ. ಮೊದಲ ಒಂದಿನ ತಾನಾಗೇ ಕಣ್ಣು ಹತ್ತಿತ್ತು. ಆಮ್ಯಾಲ ಮಲಗಾಕಂತನ ಕುಂದ್ರಾಕತ್ತಿದೆ.

ನಿನ್ನಿ ಲಿಂಗಾ ಕೈಯಿಂದ ಜಾರಿ ಉಡಿಯಾಗ ಬಿತ್ತು. ಗಾಬರಿಯಾಗಿ ಎಚ್ಚರಾತು. ನೀವು ಆ ನೋಯೋ ಮಣಕಾಲ ಮಡಚಿ ಬಾಗಲದಾಗ ಕುಂತು, "ಸುಮ್ನಿರೋ, ಆಕಿ ಶಿವನ ಕೂಡ ಅದಾಳ" ಅಂತ ನಿಮ್ಮ ಮಗಗ ಗದರ್ಸಾಕತ್ತಿದ್ರಿ. ನಾಚಿಕಿಗೆ ಮತ್ತ ಕಣ್ಣು ಮುಚ್ಚಿದೆ. ಆವಾಗ ಮಾತ್ರ ನಿದ್ದಿ ಬರ್ಲಿಲ್ಲ.

ಬಯ್ಯೂದಿದ್ರ ಬಯ್ರಿ. ಇವತ್ತು ಬಂದ ಕೂಡ್ಲೇ ಪಡಸಾಲಿ ಮಂಚದ ಮ್ಯಾಲ ಮಲಗ್ತೇನಿ. ಸಿಟ್ಟು ಇಳಿದಿದ್ರ ಅಲ್ಲೂ ಒಂದೀಟು ಬಾಗಲಾ ಕಾಯ್ರಿ, ಆದ್ರ ಕುರ್ಚಿ ಹಾಕ್ಕೊಂಡು ಕುಂದರ್ರಿ. ಯಾರರ ಕೇಳಿದ್ರ, ಮಲಗ್ಯಾಳ ಅಂತ ಖರೇನ ಹೇಳ್ರಿ.

ಮಹಾನಂದಾ